ಚಾಚಿದ ಎಡಗಾಲು

ಹೋದ ತಿಂಗಳು ವರ್ಷದ ತಪಾಸಣೆಗೆಂದು ಆಸ್ಪತ್ರೆಗೆ ಹೋಗಿ ಎಕ್ಸ್‌-ರೇ ಕೋಣೆಯ ಹೊರಗೆ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಒಬ್ಬ ಹೆಂಗಸು, ಅವಳ ಮಡಿಲಲ್ಲಿ ನಾಲ್ಕೈದು ವರ್ಷದ ಹುಡುಗಿ. ಹುಡುಗಿಗೆ ಎದೆಯ ಕೆಳಗಿನಿಂದ ಎರಡೂ ಕಾಲು ಸೇರಿಸಿ ಪ್ಲಾಸ್ಟರ್ ಹಾಕಿದ್ದರು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದನ್ನು ಕೇಳಿಸಿಕೊಂಡ ಆಕೆ, ನಮ್ಮ ಕಡೆಯ ಮಾತಿನಲ್ಲೇ ನಾನು ಯಾಕೆ ಬಂದಿದ್ದೇನೆಂದು ವಿಚಾರಿಸಿದಳು. ನನಗೂ ಆರನೆಯ ವರ್ಷದಲ್ಲಿ ಇದೇ ಸೊಂಟದ ಕೀಲಿನ ಆಪರೇಷನ್ ಆಗಿತ್ತು ಎಂದಾಗ ಅವಳ ಕಣ್ಣುಗಳು ಅಗಲವಾದವು. ದೊಡ್ಡಾಕಿ ಆದ ಮೇಲೆ ಮಗಳಿಗೆ ಏನಾಗುತ್ತದೆ ಎಂದು ಕೇಳಿದಳು. ಏನೂ ಆಗಂಗಿಲ್ಲ, ನನ್ನ ನೋಡು, ನಡೀಲಿಕ್ಕೆ ಹತ್ತೀನಲ್ಲ ಎಂದೆ. ಅಷ್ಟರಲ್ಲಿ ನನ್ನ ನಂಬರು ಕೂಗಿದರು. ಹೊರಗೆ ಬಂದಾಗ ಅವಳು ಹೋಗಿಬಿಟ್ಟಿದ್ದಳು.

ಬಸ್ಸಿನಲ್ಲಿ ಮನೆಗೆ ಬರುವಾಗ ಅದೇ ಯೋಚನೆ. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪಿಯುಸಿವರೆಗೆ ಓದಿದವಳು ನಾನು, ಕಾಗದ ಪತ್ರ ಬಿಟ್ಟು ಬೇರೆ ಬರೆದು ರೂಢಿಯಿಲ್ಲ.

ನನ್ನ ತವರು ಇಂಡಿ ಕಡೆ. ನಾನು ತಡವಾಗಿ ನಡೆದೆನಂತೆ, ನಡೆದ ಮೇಲೆ ಬಾತುಕೋಳಿಯ ಹಾಗೆ ಹೊಯ್ದಾಡುತ್ತಿದ್ದೆನಂತೆ. ಮೈ ತುಂಬಿಕೊಂಡ ಕೂಸು, ಅದಕ್ಕೇ ಹಾಗೆ ಎಂದು ಅಜ್ಜಿ ನಗುತ್ತಿದ್ದಳು. ಶಾಲೆಗೆ ಸೇರಿದಾಗ ಮಾಸ್ತರರು ಅಪ್ಪನನ್ನು ಕರೆಸಿ, ಇದು ನಗುವ ವಿಷಯವಲ್ಲ, ಡಾಕ್ಟರಿಗೆ ತೋರಿಸು ಎಂದರು. ಎಡ ಸೊಂಟದ ಕೀಲು ಹುಟ್ಟಿದಾಗಿನಿಂದಲೇ ಗುಳಿಯಲ್ಲಿ ಕೂತಿರಲಿಲ್ಲ. ಸೊಲ್ಲಾಪುರದಲ್ಲಿ ಎಲುಬು ಕತ್ತರಿಸಿ, ಜೋಡಿಸಿ, ಕೀಲನ್ನು ಕೂರಿಸಿದರು. ಆಪರೇಷನ್ ನನಗೆ ನೆನಪಿಲ್ಲ, ಪ್ಲಾಸ್ಟರ್ ನೆನಪಿದೆ. ಎರಡು ಕಾಲು ಅಗಲಿಸಿ ನಡುವೆ ಕೋಲು ಕಟ್ಟಿದ್ದರು. ನಮ್ಮ ಮನೆಯ ಬಾಗಿಲಲ್ಲಿ ನಾನು ನೇರವಾಗಿ ಹಿಡಿಸುತ್ತಿರಲಿಲ್ಲ, ಅಪ್ಪ ಅಡ್ಡ ತಿರುಗಿಸಿ ಒಳಗೆ ತರುತ್ತಿದ್ದ. ಬೇಸಿಗೆ ಬೇರೆ. ತುರಿಕೆ ತಡೆಯಲಾಗದೆ ಅತ್ತರೆ ಅವ್ವ ಕಸಬರಿಗೆಯ ಕಡ್ಡಿಯನ್ನು ಒಳಗೆ ಇಳಿಸಿ ಮೆಲ್ಲಗೆ ಆಡಿಸುತ್ತಿದ್ದಳು.

ಪ್ಲಾಸ್ಟರ್ ಬಿಚ್ಚಿದ ಮೇಲೆ ನಡೆದೆ. ಎಲ್ಲರ ಜೊತೆ ಶಾಲೆಗೆ ಹೋದೆ. ಎಡಗಾಲು ಒಂದು ಹೆಬ್ಬೆರಳಿನಷ್ಟು ಗಿಡ್ಡ ಉಳಿಯಿತು, ಕೀಲು ಪೂರ್ತಿ ಮಡಚುತ್ತಿರಲಿಲ್ಲ. ಚಕ್ಕಳಮಕ್ಕಳ ಹಾಕಿ ಕೂರಲು ಬರುತ್ತಿರಲಿಲ್ಲ. ಅವ್ವ ನನಗೆ ಕಲಿಸಿದ್ದು ಎರಡು ವಿಷಯ. ಒಂದು, ಮೆಲ್ಲಗೆ ನಡೆ, ಆಗ ಕುಂಟು ಕಾಣುವುದಿಲ್ಲ. ಇನ್ನೊಂದು, ಯಾರಿಗೂ ಹೇಳಬೇಡ. ಹೆಣ್ಣು ಮಗು, ಮುಂದೆ ಮದುವೆಯಾಗಬೇಕಲ್ಲ ಎಂಬ ಯೋಚನೆ ಇರಬೇಕು. ನಾನು ಎರಡನ್ನೂ ಚೆನ್ನಾಗಿ ಕಲಿತೆ.

ಗಂಡಿನ ಕಡೆಯವರಿಗೆ ಹುಡುಗಿ ಸಣ್ಣವಳಿದ್ದಾಗ ಬಿದ್ದಿದ್ದಳು ಎಂದಷ್ಟೇ ಹೇಳಿದರು. ಮದುವೆಯಾದ ಮೇಲೆ ನಮ್ಮ ಮನೆಯವರು ಗಾಯದ ಗುರುತು ನೋಡಿ, ಬಿದ್ದರೆ ಹೀಗೆ ಆಗುವುದಿಲ್ಲ ಎಂದು ಅರ್ಥ ಮಾಡಿಕೊಂಡರು. ಜಗಳ ಮಾಡಲಿಲ್ಲ, ಕೆದಕಿ ಕೇಳಲೂ ಇಲ್ಲ. ಅವತ್ತಿನಿಂದ ರಸ್ತೆಯಲ್ಲಿ ನನ್ನ ಎಡಗಡೆ ನಡೆಯುತ್ತಾರೆ, ಅಷ್ಟೇ. ಅವರದು ಇಲ್ಲಿ, ಈ ಮರಾಠಿ ಊರಿನಲ್ಲಿ, ಒಂದು ಕಾರ್ಖಾನೆಯಲ್ಲಿ ಮಷಿನ್ ಮೇಲೆ ಕೆಲಸ. ನಾವು ನಿಗಡಿಯಲ್ಲಿ ಮನೆ ಮಾಡಿ ಇಪ್ಪತ್ತು ವರ್ಷದ ಮೇಲಾಯಿತು.

ನಾನು ಜೋಳದ ರೊಟ್ಟಿ ಬಡಿದು ಮಾರುತ್ತೇನೆ. ಮೊದಲು ಅಕ್ಕಪಕ್ಕದ ಎರಡು ಮನೆಗೆ ಕೊಡುತ್ತಿದ್ದೆ. ಆಮೇಲೆ ಆಫೀಸಿನ ಹುಡುಗರು ಬಂದರು, ಮರಾಠಿ ಮನೆಗಳವರು ಭಾಕರಿ ಎಂದು ಕೇಳಿಕೊಂಡು ಬಂದರು, ಕೋಥರೂಡದಿಂದಲೂ ಕಡಕ್ ರೊಟ್ಟಿಗೆ ಫೋನು ಬರತೊಡಗಿತು. ಮನೆಯ ಹಿಂದಿನ ಉದ್ದ ಕೋಣೆಯಲ್ಲಿ ಈಗ ನನ್ನನ್ನು ಸೇರಿಸಿ ಐದು ಜನ ಕೆಲಸ ಮಾಡುತ್ತೇವೆ. ಎಲ್ಲರೂ ಒಂದೇ ಸಾಲಿನಲ್ಲಿ ಗೋಡೆಗೆ ಬೆನ್ನು ಮಾಡಿ ನೆಲದ ಮೇಲೆ ಕೂರುವುದು, ಪ್ರತಿಯೊಬ್ಬರ ಮುಂದೆ ಒಂದು ಒಲೆ, ಹಂಚು, ಹಲಗೆ.

ನಮ್ಮ ಕಡೆ ರೊಟ್ಟಿ ಬಡಿಯುವವರು ಒಂದು ಮೊಣಕಾಲು ಎತ್ತಿ, ಇನ್ನೊಂದು ಕಾಲನ್ನು ಒಳಗೆ ಮಡಚಿ ಕೂರುತ್ತಾರೆ. ನನಗೆ ಅದು ಆಗುತ್ತಿರಲಿಲ್ಲ. ಬಲ ಮೊಣಕಾಲು ಎತ್ತಿ, ಎಡಗಾಲನ್ನು ಒಲೆಯ ಪಕ್ಕಕ್ಕೆ ಉದ್ದ ಚಾಚಿ, ಬಲಗಡೆ ವಾಲಿಕೊಂಡು ಕೂರುತ್ತಿದ್ದೆ. ಹಾಗೆ ಕೂತರೆ ದಿನಕ್ಕೆ ಇನ್ನೂರು ರೊಟ್ಟಿ ಬಡಿದರೂ ಏನೂ ಅನ್ನಿಸುತ್ತಿರಲಿಲ್ಲ. ಜಂಬ ಎಂದುಕೊಂಡರೂ ಸರಿ, ನನ್ನಷ್ಟು ತೆಳ್ಳಗೆ, ದುಂಡಗೆ ಬಡಿಯುವವರು ಈ ಭಾಗದಲ್ಲಿ ಇರಲಿಲ್ಲ.

ಮೊದಲು ಕೆಲಸಕ್ಕೆ ಬಂದವಳು ಕಸ್ತೂರಿ. ಯಾದಗಿರಿ ಕಡೆಯವಳು, ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ರೊಟ್ಟಿ ಅವಳಿಗೆ ಹೊಸದಲ್ಲ, ಆದರೆ ಮನೆಯ ಹತ್ತು ರೊಟ್ಟಿ ಬೇರೆ, ಒಂದೇ ಅಳತೆಯ ನೂರು ರೊಟ್ಟಿ ಬೇರೆ. ಎರಡು ದಿನ ನನ್ನನ್ನೇ ನೋಡುತ್ತಿದ್ದಳು. ಮೂರನೆಯ ದಿನ ಕೇಳಿದಳು.

"ಅಕ್ಕಾ, ಆ ಕಾಲು ಯಾಕ ಹಂಗ ಚಾಚ್ತೀರಿ?"

"ಹಿಂಗ ಕೂತ್ರ ಕೈಗೆ ಬಲ ಬರ್ತದ. ನೂರು ರೊಟ್ಟಿ ಬಡದ್ರೂ ರಟ್ಟಿ ಸೋಲಂಗಿಲ್ಲ" ಎಂದೆ.

ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂದದ್ದು. ಅವಳು ತಲೆಯಾಡಿಸಿ ತನ್ನ ಒಲೆಯ ಕಡೆ ತಿರುಗಿದಳು. ಆ ಮಾತನ್ನು ನಾನು ಅಲ್ಲಿಗೇ ಮರೆತೆ.

ಮೂವತ್ತೊಂಬತ್ತು ಮುಗಿಯುವ ಹೊತ್ತಿಗೆ ನೋವು ಶುರುವಾಯಿತು. ಮೊದಲು ತೊಡೆಯ ಸಂದಿನಲ್ಲಿ, ಆಮೇಲೆ ಮೊಣಕಾಲಿನವರೆಗೆ. ಬಸ್ಸಿನ ಮೆಟ್ಟಿಲು ಎತ್ತರವಾಗುತ್ತಾ ಹೋಯಿತು. ಎಡಗಾಲಿನ ಉಗುರು ಕತ್ತರಿಸಿಕೊಳ್ಳಲು ಬಗ್ಗಲಾಗಲಿಲ್ಲ. ಭಾನುವಾರ ಟಿವಿ ನೋಡುತ್ತಾ ನಮ್ಮ ಮನೆಯವರು ಕತ್ತರಿಸುತ್ತಿದ್ದರು, ಕ್ರಿಕೆಟ್ ಇದ್ದ ದಿನ ಒಂದೆರಡು ಬೆರಳು ಬಿಟ್ಟುಬಿಡುತ್ತಿದ್ದರು. ಕೋಣೆಯಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದೆ, ಎಲ್ಲರೂ ಹೋದ ಮೇಲೆ ಗೋಡೆ ಹಿಡಿದು ಏಳುತ್ತಿದ್ದೆ. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಆಸ್ಪತ್ರೆಯಲ್ಲಿ ಸೊಂಟದ ಕೀಲಿನ ಡಾಕ್ಟರ ಬಾಗಿಲ ಮುಂದೆ ಕೂತವರೆಲ್ಲ ಎಪ್ಪತ್ತು ದಾಟಿದವರು. ನರ್ಸು ಹೆಸರು ಬರೆದುಕೊಳ್ಳಲು ಬಂದು, ಪೇಷಂಟ್ ಎಲ್ಲಿ ಎಂದಳು. ನಾನೇ ಎಂದೆ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ಮರಾಠಿಯಲ್ಲಿ ಅಯ್ಯೋ ಪಾಪ ಎಂದು ತನ್ನ ಚೀಲದಿಂದ ಶೇಂಗಾ ಚಿಕ್ಕಿ ತೆಗೆದು ಕೈಗಿಟ್ಟಳು. ಆ ದಿನ ಅತ್ಯಂತ ಉಪಯೋಗಕ್ಕೆ ಬಂದದ್ದು ಅದೇ, ಏಕೆಂದರೆ ನನ್ನ ಸರದಿ ಬರಲು ಮೂರು ಗಂಟೆ ಹಿಡಿಯಿತು.

ಡಾಕ್ಟರು ಎಕ್ಸ್‌-ರೇಯನ್ನು ಪರದೆಯ ಮೇಲೆ ಹಾಕಿ ಬಹಳ ಹೊತ್ತು ನೋಡಿದರು. ಹಳೆಯ ಕಾಗದ ಇದೆಯೇ ಎಂದು ಕೇಳಿದರು, ಇರಲಿಲ್ಲ. ಸಣ್ಣವಳಿದ್ದಾಗ ಆಪರೇಷನ್ ಮಾಡಿದವರು ಒಳ್ಳೆಯ ಕೆಲಸ ಮಾಡಿದ್ದಾರೆ, ಇಷ್ಟು ವರ್ಷ ನಿಮ್ಮ ಸ್ವಂತ ಕೀಲಿನ ಮೇಲೆ ನಡೆದಿದ್ದೀರಿ, ಈಗ ಅದು ಸವೆದುಹೋಗಿದೆ ಎಂದರು. ಕೀಲು ಬದಲಾಯಿಸಬೇಕು. ಆಮೇಲೆ ನೋವಿರುವುದಿಲ್ಲ, ಕಾಲಿನ ಉದ್ದವನ್ನೂ ಸರಿ ಮಾಡಬಹುದು. ಆದರೆ ನೆಲದ ಮೇಲೆ ಕೂರುವುದು ಬಂದ್.

ನೆಲದ ಮೇಲೆ ಕೂರದೆ ರೊಟ್ಟಿ ಬಡಿಯುವುದು ಹೇಗೆ ಎಂದು ಕೇಳಿದೆ. ಅವರು ನಕ್ಕು, ನಮ್ಮ ಮನೆಯಲ್ಲಿ ಕಟ್ಟೆಯ ಮುಂದೆ ನಿಂತೇ ಮಾಡುತ್ತಾರೆ ಎಂದರು. ಅವರ ಮನೆಯಲ್ಲಿ ನಾಲ್ಕು ಮಾಡುತ್ತಿರಬೇಕು. ನಾನು ಬಡಿಯುವಾಗ ಕೈಯಷ್ಟೇ ಅಲ್ಲ, ಭುಜ, ಸೊಂಟ, ಮೇಲೆತ್ತಿದ ಮೊಣಕಾಲು ಎಲ್ಲ ಕೂಡಿಯೇ ಕೆಲಸ ಮಾಡುತ್ತಿತ್ತು. ನನ್ನ ಬದುಕಿನಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಎಂದು ನನಗನ್ನಿಸುತ್ತಿದ್ದ ಜಾಗ ಅದೊಂದೇ, ಆ ನೆಲ. ಅದನ್ನು ಬಿಟ್ಟುಕೊಡಲು ಹೆದರಿ ಮೂರು ವರ್ಷ ಗುಳಿಗೆ ನುಂಗಿದೆ.

ಒಂದು ಬೆಳಿಗ್ಗೆ ರೊಟ್ಟಿಯ ಚೀಲಗಳನ್ನು ಹಿಡಿದು ಸ್ಕೂಟರ್ ಹತ್ತಲು ಹೋದರೆ ಎಡಗಾಲು ಮೇಲೇಳಲಿಲ್ಲ. ನಮ್ಮ ಮನೆಯವರು ಗಾಡಿಯನ್ನು ನನ್ನ ಕಡೆ ವಾಲಿಸಿದರು, ಆದರೂ ಆಗಲಿಲ್ಲ. ಸೊಸೈಟಿಯ ವಾಚ್‌ಮನ್ ನೋಡುತ್ತಿದ್ದ. ನಾನು ಚೀಲಗಳನ್ನು ಅವರ ಕೈಗೆ ಕೊಟ್ಟು, ಆಪರೇಷನ್ ತಾರೀಖು ಗೊತ್ತು ಮಾಡ್ರಿ ಎಂದೆ. ಅವರು ಆಗಲಿ ಎಂದಷ್ಟೇ ಅಂದು ಗಾಡಿ ಚಾಲೂ ಮಾಡಿದರು.

ಕೆಲಸದವರಿಗೆ ಕೀಲು ಸವೆದಿದೆ, ವಯಸ್ಸಾದಂತೆ ಆಗುವುದೇ ಎಂದು ಹೇಳಿದೆ. ಆರನೆಯ ವರ್ಷದ ವಿಷಯ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ.

ಬೆನ್ನಿಗೆ ಸೂಜಿ ಕೊಟ್ಟು ಕೆಳಭಾಗ ಜೋಮು ಹಿಡಿಸಿದ್ದರಿಂದ ಆಪರೇಷನ್ ಉದ್ದಕ್ಕೂ ಅರೆ ಎಚ್ಚರವಿತ್ತು. ನೋವಿಲ್ಲ, ಆದರೆ ಸುತ್ತಿಗೆಯ ಸದ್ದು ಕೇಳುತ್ತದೆ. ಪಕ್ಕದ ಮನೆಯಲ್ಲಿ ಬಡಗಿ ಬಾಗಿಲ ಚೌಕಟ್ಟು ಕೂರಿಸುತ್ತಿದ್ದ ಹಾಗಿತ್ತು. ಒಬ್ಬ ಡಾಕ್ಟರು ಇನ್ನೊಬ್ಬರಿಗೆ ಹಡಪಸರದ ಟ್ರಾಫಿಕ್ ಬಗ್ಗೆ ಬೇಸರದಿಂದ ಹೇಳುತ್ತಿದ್ದರು. ನನಗೆ ಅದು ಧೈರ್ಯ ತಂದಿತು. ಜೀವ ಹೋಗುವಂಥದ್ದೇನಾದರೂ ಆಗುತ್ತಿದ್ದರೆ ಟ್ರಾಫಿಕ್ ಮಾತಾಡುತ್ತಿರಲಿಲ್ಲ ಎಂದುಕೊಂಡೆ.

ಅವ್ವ ಊರಿಂದ ಬಂದಿದ್ದಳು. ಮರುದಿನ ಹೊದಿಕೆ ಸರಿಸಿ ನನ್ನ ಎರಡು ಪಾದಗಳನ್ನು ಒಂದಕ್ಕೊಂದು ಹಚ್ಚಿ ನೋಡಿದಳು. ಹಿಮ್ಮಡಿಗಳು ಕೂಡಿದವು. ಬಹಳ ಹೊತ್ತು ಕೈ ತೆಗೆಯಲಿಲ್ಲ.

"ಅವತ್ತ ಸೊಲ್ಲಾಪುರದಾಗ ಡಾಕ್ಟರು ಹೇಳಿದ್ರು. ನಲವತ್ತರ ತನಕ ನಡೀತದ, ಮುಂದ ನೋಡ್ಬೇಕು ಅಂದಿದ್ರು. ನಾ ನಿನಗ ಹೇಳಲಿಲ್ಲ."

"ಯಾಕವ್ವ?"

"ನೀ ಆರು ವರ್ಷದಾಕಿ. ನಲವತ್ತು ಭಾಳ ದೂರ ಅನಸ್ತು. ಆಮ್ಯಾಲ ಹೇಳಾಕ ಅಂಜಿಕಿ ಬಂತು."

ನನಗೆ ಸಿಟ್ಟು ಬಂತು. ಮೊದಲೇ ಗೊತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ನನಗೇ ಗೊತ್ತಿಲ್ಲ, ಆದರೂ ಬಂತು. ನನ್ನ ಮೈಯ ವಿಷಯ ಮೂವತ್ತೆಂಟು ವರ್ಷ ಬೇರೆಯವರ ಹತ್ತಿರ ಇತ್ತು.

ಎರಡು ಕಾಲೂ ಸಮವಾದರೆ ಖುಷಿಯಾಗುತ್ತದೆ ಎಂದು ಎಲ್ಲರೂ ಎಣಿಸುತ್ತಾರೆ. ನನಗೆ ಎಡಗಾಲು ಉದ್ದವಾಗಿದೆ ಅನ್ನಿಸಿತು. ವಾಕರ್ ಹಿಡಿದು ನಡೆದರೆ ಪ್ರತಿ ಹೆಜ್ಜೆಗೂ ನೆಲ ಬೇಗ ಸಿಗುತ್ತಿತ್ತು. ಡಾಕ್ಟರ ಹತ್ತಿರ ಹೋಗಿ ಉದ್ದ ಮಾಡಿಬಿಟ್ಟಿದ್ದೀರಿ ಎಂದು ದೂರಿದೆ. ಅವರು ಅಳೆದು ತೋರಿಸಿದರು, ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮೈ ಒಪ್ಪಿಕೊಳ್ಳಲು ಐದಾರು ತಿಂಗಳು ಬೇಕು ಎಂದರು. ಹೆಚ್ಚೇ ಬೇಕಾಯಿತು.

ನಮ್ಮ ಮನೆಯವರು ಅಷ್ಟರಲ್ಲಿ ಕೋಣೆಯ ಒಂದು ಮೂಲೆಯಲ್ಲಿ ಗ್ರಾನೈಟಿನ ಕಟ್ಟೆ ಹಾಕಿಸಿ ಗ್ಯಾಸ್ ಒಲೆ ಇಡಿಸಿದ್ದರು. ಪಕ್ಕದಲ್ಲಿ ದಣಿದಾಗ ಕೂರಲು ಎತ್ತರದ ಸ್ಟೂಲು. ಎರಡು ತಿಂಗಳಾದ ಮೇಲೆ ಮೊದಲ ಬಾರಿಗೆ ನಿಂತು ಬಡಿದೆ. ಎಸರು ಸರಿ, ಹಿಟ್ಟಿನ ಹದ ಸರಿ, ನಾದಿದ್ದೂ ಸರಿ, ಆದರೆ ರೊಟ್ಟಿ ನಡುವೆ ದಪ್ಪ, ಅಂಚು ಹರಕು. ಹದಿನೈದು ಬಡಿದೆ, ಒಂದನ್ನೂ ಗಿರಾಕಿಗೆ ಕೊಡಲಾಗಲಿಲ್ಲ. ಸಾಲಿನಲ್ಲಿ ಕೂತ ನಾಲ್ವರೂ ನೋಡದವರಂತೆ ತಮ್ಮ ಕೆಲಸ ಮಾಡುತ್ತಿದ್ದರು. ನನಗೆ ಅಳು ಬಂತು. ಹಿಟ್ಟಿನ ಕೈಯಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಆ ವಾರವೇ ವ್ಯಾಯಾಮ ಮಾಡಿಸುವ ಹುಡುಗಿ ಮನೆಗೆ ಬಂದಳು. ಫಿಸಿಯೋ, ಮರಾಠಿಯವಳು, ಚುರುಕಿನವಳು, ನನ್ನನ್ನು ಚಿಕ್ಕಮ್ಮ ಎನ್ನುವಂತೆ ಕಾಕು ಎಂದು ಕರೆಯುತ್ತಿದ್ದಳು. ಯಾವಾಗಲೂ ಮುಂದಿನ ಕೋಣೆಯಲ್ಲೇ ವ್ಯಾಯಾಮ ಮಾಡಿಸಿ ಹೋಗುವವಳು, ಅವತ್ತು ನಾನು ಎಷ್ಟು ಎತ್ತರದ ಕಟ್ಟೆಯ ಮುಂದೆ ನಿಲ್ಲುತ್ತೇನೆ ನೋಡಬೇಕೆಂದು ಹಿಂದಿನ ಕೋಣೆಗೆ ಬಂದಳು. ಬಾಗಿಲಲ್ಲೇ ನಿಂತುಬಿಟ್ಟಳು. ಸಾಲನ್ನು ನೋಡಿದಳು, ನನ್ನನ್ನು ನೋಡಿದಳು. ಇವರೆಲ್ಲರಿಗೂ ಸೊಂಟದ ಆಪರೇಷನ್ ಆಗಿದೆಯಾ ಕಾಕು ಎಂದು ಮರಾಠಿಯಲ್ಲಿ ಕೇಳಿದಳು.

ನಾನೂ ನೋಡಿದೆ. ಇಷ್ಟು ವರ್ಷ ಆ ಸಾಲಿನ ತುದಿಯಲ್ಲಿ ಕೂತಿದ್ದರಿಂದ ನನಗೆ ಕಾಣುತ್ತಿದ್ದದ್ದು ಪಕ್ಕದವಳ ಕೈ, ಹಂಚು, ಹೊಗೆ, ಅಷ್ಟೇ. ಕಟ್ಟೆಯ ಮುಂದೆ ನಿಂತ ದಿನ ಕಣ್ಣೆಲ್ಲ ಹಿಟ್ಟಿನ ಮೇಲಿತ್ತು. ಮೇಲಿನಿಂದ, ಎದುರಿನಿಂದ ಸರಿಯಾಗಿ ನೋಡಿದ್ದು ಅದೇ ಮೊದಲು. ನಾಲ್ವರೂ ಬಲ ಮೊಣಕಾಲು ಎತ್ತಿ, ಬಲಗಡೆ ವಾಲಿ, ಎಡಗಾಲನ್ನು ಒಲೆಯ ಪಕ್ಕಕ್ಕೆ ಉದ್ದ ಚಾಚಿ ಕೂತಿದ್ದರು. ನಾಲ್ಕು ಗಟ್ಟಿಮುಟ್ಟಾದ ಎಡಗಾಲುಗಳು.

ಸಾಲಿನಲ್ಲಿದ್ದ ಮಹಾದೇವಿಗೆ ತನ್ನ ಮರಾಠಿ ತೋರಿಸಲು ಅವಕಾಶ ಸಿಕ್ಕಿತು. ಇದು ನಮ್ಮ ಅಕ್ಕನ ಪದ್ಧತಿ, ಹೀಗೆ ಕೂತರೆ ಕೈಗೆ ಬಲ ಬರುತ್ತದೆ ಎಂದು ಹೆಮ್ಮೆಯಿಂದ ವಿವರಿಸಿದಳು. ಯಾರು ಹೇಳಿದರು ಎಂದು ಫಿಸಿಯೋ ಕೇಳಿದಳು. ತನಗೆ ಕಸ್ತೂರಿ ಕಲಿಸಿದಳು, ಕಸ್ತೂರಿಗೆ ಅಕ್ಕ ಕಲಿಸಿದಳು ಎಂದಳು ಮಹಾದೇವಿ.

ಫಿಸಿಯೋ ಕಸ್ತೂರಿಯನ್ನು ಎಬ್ಬಿಸಿ ನಿಲ್ಲಿಸಿದಳು, ಬೆನ್ನು ಮುಟ್ಟಿ ನೋಡಿದಳು, ಬಗ್ಗಿಸಿದಳು. ಸೊಂಟ ಒಂದು ಕಡೆಗೆ ಎಳೆದುಕೊಂಡಿದೆ, ನೋವಿದೆಯಲ್ಲ ಎಂದು ಕೇಳಿದಳು. ಇದೆ ಎಂದಳು ಕಸ್ತೂರಿ. ರೋಗವೇನಲ್ಲ, ವರ್ಷಗಟ್ಟಲೆ ವಾರೆಯಾಗಿ ಕೂತದ್ದರ ಫಲ, ವ್ಯಾಯಾಮ ಮಾಡಿದರೆ ನಿಧಾನವಾಗಿ ಇಳಿಯುತ್ತದೆ, ಆದರೆ ಹೀಗೆ ಕೂರುವುದನ್ನು ಬಿಡಬೇಕು ಎಂದು ನನ್ನ ಕಡೆ ತಿರುಗಿ ಹೇಳಿದಳು. ಯಜಮಾನಿ ನಾನಲ್ಲವೇ.

ಎರಡು ವರ್ಷದಿಂದ ಕಸ್ತೂರಿ ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ನಾನು ನನ್ನ ಡಬ್ಬಿಯಿಂದಲೇ ಗುಳಿಗೆ ತೆಗೆದು ಕೊಡುತ್ತಿದ್ದೆ, ಗಟ್ಟಿ ಇರು, ಇನ್ನೂ ಸಣ್ಣಾಕಿ ಎನ್ನುತ್ತಿದ್ದೆ.

ಫಿಸಿಯೋ ಹೋದ ಮೇಲೆ ಒಲೆಗಳನ್ನು ಆರಿಸಲು ಹೇಳಿದೆ. ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಹುಟ್ಟಿದಾಗಿನ ಕೀಲು, ಸೊಲ್ಲಾಪುರ, ಪ್ಲಾಸ್ಟರ್, ಮಡಚಲು ಬರದ ಕಾಲು. ಅದು ಪದ್ಧತಿಯಲ್ಲ, ಕುಂಟು. ಕೇಳಿದಾಗ ನಾಚಿಕೆಯಾಗಿ ಸುಳ್ಳು ಹೇಳಿದೆ. ಅವ್ವನ ಮೇಲೆ ಸಿಟ್ಟು ಮಾಡಿಕೊಂಡವಳು ನಾನೇ ಎಂಬುದೂ ಆಗ ನೆನಪಾಯಿತು.

ಮಹಾದೇವಿ ಬಾಯಿಗೆ ಸೆರಗು ಹಿಡಿದಳು. ತನ್ನ ಜಾಗಕ್ಕೆ ಮರಳಿ ಕೂತಿದ್ದ ಕಸ್ತೂರಿ ಎಡಗಾಲನ್ನು ಎರಡೂ ಕೈಯಿಂದ ಹಿಡಿದು ಒಳಗೆ ಎಳೆದುಕೊಂಡಳು. ಮೊಣಕಾಲು ಅರ್ಧಕ್ಕೆ ನಿಂತಿತು. ಮುಖ ಕಿವುಚಿ ಮತ್ತೆ ಚಾಚಿದಳು.

"ಒಂಬತ್ತು ವರ್ಷ ಆತು ಅಕ್ಕಾ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನಿಮಗ ಆಪರೇಷನ್ ಮಾಡಿ ಕಾಲು ನೆಟ್ಟಗ ಮಾಡಿದ್ರು. ನನ್ನ ಕಾಲು ಒಳಗ ಹೆಂಗ ತಗೊಳ್ಳಲಿ, ಹೇಳ್ರಿ."

ತಪ್ಪಾಯಿತು ಎಂದೆ. ಸರಿಯಾಗಿ ಕೂರುವುದನ್ನು ತೋರಿಸಿಕೊಡೋಣವೆಂದರೆ ನಾನು ಇನ್ನು ನೆಲದ ಮೇಲೆ ಕೂರುವಂತಿಲ್ಲ. ಕೂರಲು ಆಗುತ್ತಿದ್ದರೂ ಸರಿಯಾಗಿ ಕೂತು ಬಡಿಯುವುದು ನನಗೆ ಯಾವತ್ತೂ ಗೊತ್ತಿರಲಿಲ್ಲ.

ಎರಡು ದಿನ ಕಸ್ತೂರಿ ಬರಲಿಲ್ಲ. ಫಿಸಿಯೋ ಹುಡುಗಿಗೆ ಫೋನು ಮಾಡಿ, ಕಸ್ತೂರಿಗೂ ವ್ಯಾಯಾಮ ಮಾಡಿಸು, ಫೀಸು ನಾನು ಕೊಡುತ್ತೇನೆ ಎಂದೆ. ಉಳಿದ ಮೂವರು ಕಾಲು ಒಳಗೆ ಮಡಚಿ ಕೂತು ನೋಡಿದರು, ಅರ್ಧ ಗಂಟೆಗೊಮ್ಮೆ ಕಾಲು ತನ್ನಷ್ಟಕ್ಕೆ ಹೊರಗೆ ಬರುತ್ತಿತ್ತು. ಅವರ ರೊಟ್ಟಿಯೂ ಕೆಟ್ಟಿತು. ಗಿರಾಕಿಗಳಿಗೆ ಫೋನು ಮಾಡಿ ಒಂದು ವಾರ ರೊಟ್ಟಿ ಇಲ್ಲ ಎಂದು ತಿಳಿಸಿದೆ. ಕಸ್ತೂರಿ ಇನ್ನು ಬರುವುದಿಲ್ಲ ಎಂದೇ ಅನ್ನಿಸಿತ್ತು, ಬರದಿದ್ದರೆ ಅವಳದು ತಪ್ಪೂ ಅಲ್ಲ.

ಮೂರನೆಯ ದಿನ ನಾನು ಕಟ್ಟೆಯ ಮುಂದೆ ನಿಂತು ಇನ್ನೊಂದು ದಪ್ಪ ರೊಟ್ಟಿ ಬಡಿಯುತ್ತಿದ್ದಾಗ ಅವಳು ಬಂದಳು. ಚಪ್ಪಲಿ ಬಿಟ್ಟು ಕೈ ತೊಳೆದುಕೊಂಡಳು. ನೆಲದ ಮೇಲಿದ್ದ ತನ್ನ ಹಲಗೆಯನ್ನು ಎತ್ತಿ, ಸಾಲು ದಾಟಿ ಬಂದು, ಕಟ್ಟೆಯ ಮೇಲೆ ನನ್ನ ಹಲಗೆಯ ಪಕ್ಕದಲ್ಲಿಟ್ಟಳು. ಕುಂಟುತ್ತಿದ್ದಳು, ಸ್ವಲ್ಪವೇ.

"ನಾನೂ ನಿಂತು ಬಡೀತೀನ್ರಿ" ಎಂದಳು.

ನಿಲ್ಲುವುದು ಹೇಗೆಂದು ತೋರಿಸುತ್ತೇನೆ, ಸೊಂಟ ಕಟ್ಟೆಗೆ ತಾಗಿಸಿಕೊ ಎಂದು ನಾನು ಶುರುಮಾಡಿದೆ. ಕಸ್ತೂರಿ ಹಿಟ್ಟಿನ ಮುದ್ದೆ ಎತ್ತಿಕೊಂಡು ನನ್ನ ಮುಖ ನೋಡಿದಳು.

"ಬ್ಯಾಡ್ರಿ ಅಕ್ಕಾ. ಈ ಸಲ ನಿಮ್ಮನ್ನ ನೋಡಿ ಕಲಿಯಂಗಿಲ್ಲ. ನಿಮಗೂ ಇದು ಹೊಸದೇ ಅದ."

ನಾನು ಅವಳ ಕೈ ಆಡುವಷ್ಟು ಜಾಗ ಬಿಟ್ಟು ಸರಿದು ನಿಂತೆ.